ಕ್ರಿಪ್ಟೋನಾ, ಷೇರಾ? ಮೊದಲು ತೆರಿಗೆ ಲೆಕ್ಕ ಹಾಕಿ

ಸಂಬಳದಾರರೊಬ್ಬರಿಗೆ ಒಂದೇ ವರ್ಷ ಬಿಟ್‌ಕಾಯಿನ್‌ನಲ್ಲಿ 1 ಲಕ್ಷ ಲಾಭ, ಎಥೀರಿಯಂ ಎಂಬ ಇನ್ನೊಂದು ಕ್ರಿಪ್ಟೋ ಕಾಯಿನ್‌ನಲ್ಲಿ 60 ಸಾವಿರ ನಷ್ಟ ಆಯಿತು ಎಂದುಕೊಳ್ಳಿ. ನಿಜವಾದ ಗಳಿಕೆ 40 ಸಾವಿರ. ಆದರೆ ತೆರಿಗೆ ಬೀಳುವುದು ಪೂರ್ತಿ 1 ಲಕ್ಷದ ಮೇಲೆ: ಶೇ 30, ಆ ತೆರಿಗೆಯ ಮೇಲೆ ಶೇ 4 ಸೆಸ್ (ಉಪಕರ), ಒಟ್ಟು 31,200 ರೂಪಾಯಿ. ಕೈಗೆ ಉಳಿಯುವುದು 8,800. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. 2022ರ ಏಪ್ರಿಲ್‌ನಿಂದ ಇದೇ ನಿಯಮ. ಸಣ್ಣ ಹೂಡಿಕೆದಾರರಿಗೆ ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಇದೇ ಲಾಭ-ನಷ್ಟ ಲಿಸ್ಟೆಡ್ (ಷೇರುಪೇಟೆಯಲ್ಲಿ ನೋಂದಾಯಿತ) ಷೇರಿನಲ್ಲಿ ಆಗಿದ್ದರೆ? ವರ್ಷದೊಳಗೆ ಮಾರಿದ್ದರೆ 40 ಸಾವಿರಕ್ಕೆ ಮಾತ್ರ ಶೇ 20, ಸೆಸ್ ಸೇರಿ 8,320. ವರ್ಷ ದಾಟಿದ ಷೇರುಗಳಾದರೆ ತೆರಿಗೆಯೇ ಇಲ್ಲ. ದೀರ್ಘಾವಧಿ ಲಾಭ 1.25 ಲಕ್ಷ ಮೀರಿದ ಮೇಲಷ್ಟೇ ಶೇ 12.5. ಕ್ರಿಪ್ಟೋವನ್ನು ಐದು ವರ್ಷ ಇಟ್ಟುಕೊಂಡರೂ ಅದೇ ಶೇ 30.

ಪದೇ ಪದೇ ಕೊಂಡು ಮಾರುವವರಾದರೆ ಷೇರೇ ವಾಸಿ. ಕ್ರಿಪ್ಟೋದಲ್ಲಿ ಮಾರಿದ ಮೊತ್ತದ ಮೇಲೆ ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಮುರಿಯುತ್ತಾರೆ, ನಷ್ಟವಾಗಿದ್ದರೂ ಸರಿ. 2 ಲಕ್ಷಕ್ಕೆ ಮಾರಿದರೆ 2,000 ಹೋಯಿತು. ಅದನ್ನು ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಜಮಾ ಮಾಡಿಕೊಳ್ಳಬಹುದು. ಒಂದು ಕಾಯಿನ್ ಕೊಟ್ಟು ಇನ್ನೊಂದು ಪಡೆದರೂ ಅದು ಮಾರಾಟವೇ.