ಎಂಸಿಪಿ ಇನ್‌ಸ್ಪೆಕ್ಟರ್, ಒಂದು ವರ್ಷದ ಬಳಕೆಯ ನಂತರ: ಬಟನ್ ಒತ್ತಿದರೆ ಓಡುವ ಟೂಲ್ ಏಜೆಂಟ್ ಕೈಯಲ್ಲೂ ಓಡುತ್ತದೆಯೇ?

ಏಜೆಂಟ್‌ಗಳಿಗಾಗಿ, ಎಂದರೆ ತಾವೇ ಹೆಜ್ಜೆ ನಿರ್ಧರಿಸಿ ಕೆಲಸ ಮಾಡುವ ಎಐ ಮಾಡೆಲ್‌ಗಳಿಗಾಗಿ, ಬರೆದ ಟೂಲ್ (ಅವು ಕರೆದು ಬಳಸುವ ಸಣ್ಣ ಪ್ರೋಗ್ರಾಂ) ಸರಿಯಿದೆಯೇ ಎಂದು ನೋಡಲು ಹೆಚ್ಚಿನವರು ಮೊದಲು ತೆರೆಯುವುದು ಎಂಸಿಪಿ ಇನ್‌ಸ್ಪೆಕ್ಟರನ್ನೇ. ಎಂಸಿಪಿ ಎಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಏಜೆಂಟ್‌ಗಳಿಗೆ ಟೂಲ್‌ಗಳನ್ನು ಜೋಡಿಸುವ ನಿಯಮಾವಳಿ, ಅದು ಬಂದದ್ದು 2024ರ ನವೆಂಬರ್‌ನಲ್ಲಿ. ಅದರ ಸರ್ವರ್‌ಗಳನ್ನು (ಟೂಲ್‌ಗಳನ್ನು ಒದಗಿಸುವ ಪ್ರೋಗ್ರಾಂಗಳನ್ನು) ತಟ್ಟಿ ನೋಡಲು ಅದೇ ಯೋಜನೆಯವರು ಕೊಟ್ಟಿರುವ ಉಚಿತ, ಮುಕ್ತ ಆಕರದ ಸಾಧನ ಇದು. ಇನ್‌ಸ್ಟಾಲ್ ಮಾಡುವ ಬಗೆ, ಯಾವ ಟ್ಯಾಬ್‌ನಲ್ಲಿ ಏನಿದೆ ಎಂಬುದೆಲ್ಲ ರೀಡ್‌ಮಿಯಲ್ಲೇ ಇದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ. ದಿನವೂ ಬಳಸಿದ ಮೇಲೆ ಏನು ಉಳಿಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಈ ಬರಹದ ವಿಷಯ.

ಮೊದಲು ಸಂತೋಷದ ಮಾತು. ಪರದೆಯ ಕೆಳಗೆ ಹಿಸ್ಟರಿ ಎಂಬ ಪಟ್ಟಿಯೊಂದಿದೆ. ಹೊಸಬರು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಇಡೀ ಸಾಧನದ ಜೀವ ಇರುವುದು ಅಲ್ಲೇ. ಸರ್ವರ್‌ಗೆ ಹೋದ ಪ್ರತಿಯೊಂದು ಜೆಸನ್-ಆರ್‌ಪಿಸಿ (ಎಂಸಿಪಿ ಸಂದೇಶಗಳ ರೂಪ) ಕೋರಿಕೆ, ಅದಕ್ಕೆ ಬಂದ ಉತ್ತರ, ಎರಡೂ ಇದ್ದ ಹಾಗೆಯೇ ಅಲ್ಲಿ ಕೂತಿರುತ್ತವೆ. ಕನೆಕ್ಟ್ ಒತ್ತಿದ ಕೂಡಲೇ ಮೊದಲ ಸಾಲು 'ಇನಿಶಿಯಲೈಸ್' ಬಿಡಿಸಿ, ಪ್ರೋಟೋಕಾಲ್ ಆವೃತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಆವೃತ್ತಿಗಳಿಗೆ ದಿನಾಂಕವೇ ಹೆಸರು. ಉತ್ತರದಲ್ಲಿ 2024-11-05 ಬಂದರೆ ಟೂಲ್‌ಗಳ ಸ್ವಭಾವ ಹೇಳುವ ಆನೋಟೇಶನ್‌ಗಳನ್ನು ಆ ಸರ್ವರ್‌ನಿಂದ ನಿರೀಕ್ಷಿಸಬೇಡಿ, ಅವು ಸೇರಿದ್ದು 2025-03-26ರಲ್ಲಿ. ಉತ್ತರಕ್ಕೂ ಸ್ಕೀಮಾ (ಡೇಟಾದ ರೂಪ ಹೀಗಿರಬೇಕು ಎಂಬ ವಿವರ) ಕೊಡುವ ಸೌಲಭ್ಯ ಬಂದದ್ದು 2025-06-18ರಲ್ಲಿ. ಇದೊಂದು ಸಾಲು ನೋಡದೆ ಅರ್ಧ ದಿನ ತಪ್ಪು ಜಾಗದಲ್ಲಿ ದೋಷ ಹುಡುಕುವುದು ಸುಲಭ.

ಆಮೇಲೆ ಟೂಲ್‌ಗಳ ಪಟ್ಟಿ. ಅದರ ಉತ್ತರವನ್ನು ಹಿಸ್ಟರಿಯಿಂದ ಇಡಿಯಾಗಿ ನಕಲು ಮಾಡಿ ಒಂದು ಕಡತಕ್ಕೆ ಹಾಕಿ, ಟೂಲ್ ಹೆಸರುಗಳನ್ನು ಅಳಿಸಿ, ವಿವರಣೆಗಳನ್ನು ಮಾತ್ರ ಓದಿ. ಎರಡು ವಿವರಣೆಗಳಲ್ಲಿ ಯಾವುದು ಯಾವ ಟೂಲ್‌ನದ್ದು ಎಂದು ನಿಮಗೇ ಗೊತ್ತಾಗದಿದ್ದರೆ ಮಾಡೆಲ್ ಕೂಡ ಅಲ್ಲೇ ಎಡವುತ್ತದೆ. ಹತ್ತು ನಿಮಿಷದ ಈ ಕೆಲಸ ಹಿಡಿದುಕೊಡುವಷ್ಟು ದೋಷಗಳನ್ನು ಬೇರೆ ಯಾವ ಪರೀಕ್ಷೆಯೂ ಹಿಡಿದುಕೊಟ್ಟಿಲ್ಲ. ಜೊತೆಗೆ ಆ ಕಡತದ ಟೋಕನ್‌ಗಳನ್ನೂ (ಮಾಡೆಲ್ ಪಠ್ಯವನ್ನು ಓದುವ ತುಣುಕುಗಳನ್ನು) ಎಣಿಸಿ. ಏಜೆಂಟ್ ಕೆಲಸ ಶುರು ಮಾಡುವ ಮೊದಲೇ ಆ ಪಠ್ಯವೆಲ್ಲ ಸಾಮಾನ್ಯವಾಗಿ ಅದರ ಕಾಂಟೆಕ್ಸ್ಟ್‌ನಲ್ಲಿ (ಒಂದು ಸಲಕ್ಕೆ ಅದು ಗಮನಿಸಬಲ್ಲ ಪಠ್ಯದಲ್ಲಿ) ಜಾಗ ಹಿಡಿದಿರುತ್ತದೆ.

ಪಟ್ಟಿ ಓದುವಾಗಲೇ ಆನೋಟೇಶನ್‌ಗಳ ಮೇಲೂ ಕಣ್ಣಿರಲಿ. ಏನೂ ಹೇಳದೆ ಬಿಟ್ಟರೆ ಪ್ರೋಟೋಕಾಲ್ ಪ್ರಕಾರ ಆ ಟೂಲ್ ಡೇಟಾ ಬದಲಿಸುವಂಥದ್ದು, ಅಳಿಸಲೂಬಹುದು ಎಂದೇ ಅರ್ಥ. ಬರೀ ಓದುವ ಟೂಲ್‌ಗೆ 'ರೀಡ್‌ಓನ್ಲಿಹಿಂಟ್' ಹಾಕದಿದ್ದರೆ ಕೆಲವು ಕ್ಲೈಂಟ್‌ಗಳು (ಏಜೆಂಟನ್ನು ಸರ್ವರ್‌ಗೆ ಜೋಡಿಸುವ ಆ್ಯಪ್‌ಗಳು) ಪ್ರತಿ ಸಲವೂ ಅನುಮತಿ ಕೇಳುತ್ತವೆ. ನಾಲ್ಕನೇ ಸಲಕ್ಕೆ ಬಳಸುವವರು ಓದದೆಯೇ ಸರಿ ಎಂದು ಒತ್ತತೊಡಗುತ್ತಾರೆ. ನಿಜಕ್ಕೂ ಅಳಿಸುವ ಟೂಲ್ ಬಂದಾಗಲೂ ಹಾಗೆಯೇ ಒತ್ತುತ್ತಾರೆ.

ಸ್ಟ್ಯಾಂಡರ್ಡ್ ಔಟ್‌ಪುಟ್ ಮೂಲಕ ಮಾತಾಡುವ ಸರ್ವರ್‌ಗಳ ಹಳೆಯ ಪಿಡುಗೊಂದಿದೆ. ಕೋಡ್‌ನಲ್ಲಿ ಎಲ್ಲೋ ಒಂದು 'ಪ್ರಿಂಟ್' ಉಳಿದಿರುತ್ತದೆ, ಆ ಸಾಲು ಪ್ರೋಟೋಕಾಲ್ ಸಂದೇಶಗಳ ನಡುವೆ ನುಗ್ಗಿ ಸಂಪರ್ಕವನ್ನೇ ಕೆಡಿಸುತ್ತದೆ. ಲಾಗ್ ಏನಿದ್ದರೂ ಸ್ಟ್ಯಾಂಡರ್ಡ್ ಎರರ್‌ಗೆ ಹೋಗಬೇಕು. ಕೂಡಲೇ ಕಾಣುವ ದೋಷವಾದ್ದರಿಂದ ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಲ್ಲಿ ಓಡಿದ ಸರ್ವರ್ ಬೇರೆ ಕ್ಲೈಂಟ್‌ನಲ್ಲಿ ಓಡದಿದ್ದರೆ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು, ಪೂರ್ತಿ ಬರೆಯದ ಫೈಲ್ ಪಾತ್‌ಗಳನ್ನು ಮೊದಲು ನೋಡಿ.

ಇನ್ನು ಬೇಸರದ ಮಾತು. ಮೂರು ತಿಂಗಳು ಬಳಸಿದ ಮೇಲೆ ಈ ಸಾಧನದ ಮೇಲಿನ ನಂಬಿಕೆ ಸ್ವಲ್ಪ ಇಳಿಯುತ್ತದೆ, ಇಳಿಯಲೂ ಬೇಕು. ಟೂಲ್ ಆರಿಸಿದ ಕೂಡಲೇ ಇನ್‌ಸ್ಪೆಕ್ಟರ್ ಸ್ಕೀಮಾ ನೋಡಿ ಅಚ್ಚುಕಟ್ಟಾದ ಫಾರ್ಮ್ ಕಟ್ಟಿಕೊಡುತ್ತದೆ. ಹೌದು-ಇಲ್ಲಗಳಿಗೆ ಟಿಕ್ ಪೆಟ್ಟಿಗೆ, ಸಂಖ್ಯೆಗೆ ಸಂಖ್ಯೆಯ ಜಾಗ. ನೀವು ತುಂಬಿ ಒತ್ತುತ್ತೀರಿ, ಹಸಿರು ಬಣ್ಣದಲ್ಲಿ ಯಶಸ್ಸು ಎಂದು ಬರುತ್ತದೆ. ಆದರೆ ಆ ಟೂಲನ್ನು ಆರಿಸಿದವರು ನೀವು, ಸರಿಯಾದ ಮೌಲ್ಯ ಕೊಟ್ಟವರೂ ನೀವು. ಏಜೆಂಟ್ ಎಡವುವ ಎರಡೂ ಮೆಟ್ಟಿಲನ್ನು ಮನುಷ್ಯನೇ ಹತ್ತಿಯಾಗಿದೆ. ಹಸಿರು ಹೇಳುವುದು ಸರ್ವರ್ ಬದುಕಿದೆ ಎಂದಷ್ಟೇ.

ಹತ್ತಿರದಿಂದ ನೋಡಲು ಒಂದು ಉದಾಹರಣೆ ಸಾಕು. 'ಸರ್ಚ್_ಆರ್ಡರ್ಸ್' ಎಂಬ ಟೂಲ್ ಇದೆ, ಅದಕ್ಕೆ 'ಡೇಟ್' ಎಂಬ ಒಂದೇ ಪ್ಯಾರಾಮೀಟರ್, ಬಗೆ ಸ್ಟ್ರಿಂಗ್, ವಿವರಣೆಯಲ್ಲಿ ಇರುವುದು 'ಆರ್ಡರ್ ದಿನಾಂಕ' ಎಂದಷ್ಟೇ. ಬರೆದವರಿಗೆ ಒಳಗಿನ ಮಾದರಿ ಗೊತ್ತು, ಫಾರ್ಮ್‌ನಲ್ಲಿ 2025-04-03 ಎಂದು ಹಾಕುತ್ತಾರೆ, ಆರ್ಡರ್‌ಗಳು ಸಾಲಾಗಿ ಬರುತ್ತವೆ. ಏಜೆಂಟ್ 03/04/2025 ಎಂದು ಕಳಿಸುತ್ತದೆ. ಸರ್ವರ್ ಅದನ್ನು ಮಾರ್ಚ್ 4 ಎಂದು ಓದಿಕೊಂಡು, ಆ ದಿನ ಏನೂ ಇಲ್ಲದ್ದರಿಂದ ಖಾಲಿ ಪಟ್ಟಿ ಕೊಡುತ್ತದೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಏಜೆಂಟ್ ಬಹಳ ವಿನಯದಿಂದ 'ಏಪ್ರಿಲ್ 3ರಂದು ಯಾವ ಆರ್ಡರೂ ಇಲ್ಲ' ಎಂದು ಬಳಕೆದಾರರಿಗೆ ಹೇಳಿಬಿಡುತ್ತದೆ. ಲಾಗ್‌ನಲ್ಲಿ ನೋಡಿದರೆ ಎಲ್ಲವೂ ಯಶಸ್ವಿ. ಏಜೆಂಟ್ ಟೂಲ್‌ಗಳ ದೋಷಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಈ ಖಾಲಿ ಯಶಸ್ಸಿಗೆ. ಇನ್‌ಸ್ಪೆಕ್ಟರ್‌ನ ಫಾರ್ಮ್ ಅದನ್ನು ತೋರಿಸುವುದಿಲ್ಲ, ತೋರಿಸಲು ಅದಕ್ಕೆ ದಾರಿಯೂ ಇಲ್ಲ.

ಇದಕ್ಕೆ ಮದ್ದು ಟೂಲ್ ಬರೆಯುವ ಕಡೆಯೇ ಇದೆ. ಸ್ಕೀಮಾದಲ್ಲಿ 'ಫಾರ್ಮ್ಯಾಟ್: ಡೇಟ್' ಎಂದು ಹಾಕಿ ಸುಮ್ಮನಾಗಬೇಡಿ. ಜೆಸನ್ ಸ್ಕೀಮಾದ 2020-12 ಆವೃತ್ತಿಯಲ್ಲಿ ಫಾರ್ಮ್ಯಾಟ್ ಎಂಬುದು ಡಿಫಾಲ್ಟ್ ಆಗಿ ಬರೀ ಟಿಪ್ಪಣಿ. ವ್ಯಾಲಿಡೇಟರ್‌ಗೆ (ಸ್ಕೀಮಾ ಪ್ರಕಾರ ಪರೀಕ್ಷಿಸುವ ಕೋಡ್‌ಗೆ) ಬೇರೆಯಾಗಿ ಹೇಳದಿದ್ದರೆ ತಪ್ಪು ದಿನಾಂಕವೂ ಒಳಗೆ ನುಸುಳುತ್ತದೆ. 'ಪ್ಯಾಟರ್ನ್' ಕೊಟ್ಟರೆ ಅಲ್ಲೇ ತಡೆಯಬಹುದು. ವಿವರಣೆಯಲ್ಲಿ ಮಾದರಿಯನ್ನೂ ಒಂದು ಉದಾಹರಣೆಯನ್ನೂ ಬರೆಯಿರಿ. ತಪ್ಪು ಬಂದಾಗ 'ಅಮಾನ್ಯ ಇನ್‌ಪುಟ್' ಎನ್ನುವ ಬದಲು 'ದಿನಾಂಕ 2025-04-03 ಮಾದರಿಯಲ್ಲಿ ಬೇಕು, ಬಂದದ್ದು 03/04/2025' ಎನ್ನಲಿ. ಅದನ್ನು ಓದಿದ ಏಜೆಂಟ್ ಸಾಮಾನ್ಯವಾಗಿ ಮುಂದಿನ ಕರೆಯಲ್ಲೇ ತಿದ್ದಿಕೊಳ್ಳುತ್ತದೆ. ಇಂಥ ತಪ್ಪನ್ನು ಪ್ರೋಟೋಕಾಲ್ ಮಟ್ಟದ ಎರರ್ ಆಗಿ ಎಸೆಯದೆ, ಉತ್ತರದ ಒಳಗೇ 'ಈಸ್‌ಎರರ್' ನಿಜ ಎಂದು ಗುರುತು ಹಾಕಿ ಕಳಿಸಬೇಕು. ಹಾಗೆ ಕಳಿಸಿದ್ದು ಮಾಡೆಲ್‌ನ ಕಣ್ಣಿಗೆ ಬೀಳುತ್ತದೆ, ಪ್ರೋಟೋಕಾಲ್ ಎರರ್ ಕ್ಲೈಂಟ್‌ನಲ್ಲೇ ನಿಂತುಹೋಗಬಹುದು. ಫಲಿತಾಂಶ ನಿಜವಾಗಿಯೂ ಖಾಲಿಯಿದ್ದರೆ 'ಹುಡುಕಿದ ದಿನ 2025-04-03, ಸಿಕ್ಕಿದ್ದು 0' ಎಂದು ತಾನು ಅರ್ಥ ಮಾಡಿಕೊಂಡದ್ದನ್ನು ಟೂಲ್ ವಾಪಸ್ ಹೇಳಲಿ. ಒಂದೇ ಸಾಲು, ಆದರೆ ತಪ್ಪು ಓದಿಕೊಂಡಿದ್ದರೆ ಗುಟ್ಟು ಅಲ್ಲೇ ರಟ್ಟಾಗುತ್ತದೆ.

ಇಲ್ಲಿಂದ ಮುಂದೆ ನನಗೆ ಮತ್ತೆ ಇಷ್ಟವಾದದ್ದು ಇನ್‌ಸ್ಪೆಕ್ಟರ್‌ನ ಕಮಾಂಡ್ ಲೈನ್ ಮುಖ. ಬ್ರೌಸರ್ ಇಲ್ಲದೆ, 'ಸಿಎಲ್‌ಐ' ಆಯ್ಕೆ ಕೊಟ್ಟು ಓಡಿಸಿದರೆ ಫಾರ್ಮ್ ತಡೆಯುತ್ತಿದ್ದ ತಪ್ಪುಗಳನ್ನೂ ಕಳಿಸಬಹುದು. ಪ್ರತಿ ಟೂಲ್‌ಗೂ ಆರು ಕರೆ ಮಾಡಿ. ಸರಿಯಾದದ್ದು ಒಂದು, ಕಡ್ಡಾಯ ಪ್ಯಾರಾಮೀಟರ್ ಬಿಟ್ಟದ್ದು ಒಂದು, ಸಂಖ್ಯೆಯ ಜಾಗಕ್ಕೆ ಅಕ್ಷರ ಹಾಕಿದ್ದು ಒಂದು, ಇಲ್ಲವೇ ಇಲ್ಲದ ಐಡಿ ಒಂದು, ತೀರಾ ದೊಡ್ಡ ಫಲಿತಾಂಶ ತರುವಂಥದ್ದು ಒಂದು, ಕೊನೆಗೆ ಮೊದಲ ಕರೆಯನ್ನೇ ಮತ್ತೊಮ್ಮೆ. ಕೊನೆಯದನ್ನು ಬಿಡಬೇಡಿ. ಟೈಮ್‌ಔಟ್ ಆದಾಗ ಏಜೆಂಟ್ ಅದೇ ಕರೆಯನ್ನು ಮತ್ತೆ ಮಾಡಬಹುದು, ಆಗ ಎರಡು ಆರ್ಡರ್ ಸೃಷ್ಟಿಯಾದರೆ ತಪ್ಪು ಟೂಲ್‌ನದ್ದು. ದೊಡ್ಡ ಫಲಿತಾಂಶದ ಕರೆಯೂ ಅಷ್ಟೇ ಮುಖ್ಯ. ಆಂಥ್ರೋಪಿಕ್ ಕಂಪನಿಯ ಕೋಡ್ ಬರೆಯುವ ಏಜೆಂಟ್ ಕ್ಲಾಡ್ ಕೋಡ್ 2025ರ ತನ್ನ ಡಿಫಾಲ್ಟ್‌ನಲ್ಲಿ ಟೂಲ್ ಉತ್ತರಕ್ಕೆ 25,000 ಟೋಕನ್‌ಗಳ ಮಿತಿ ಇಟ್ಟಿತ್ತು. ಪುಟಗಳಾಗಿ ಒಡೆದು ಕೊಡದ, ಸೋಸುವ ಆಯ್ಕೆ ಇಲ್ಲದ ಟೂಲ್ ಆ ಗೋಡೆಗೆ ಬಡಿಯುತ್ತದೆ.

ಇಷ್ಟಾದರೂ 'ಏಜೆಂಟ್ ಈ ಟೂಲನ್ನೇ ಆರಿಸುತ್ತದೆಯೇ' ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿರುವುದಿಲ್ಲ. ಇನ್‌ಸ್ಪೆಕ್ಟರ್ ಪರದೆ ಒಂದು ಸಲಕ್ಕೆ ಒಂದೇ ಸರ್ವರ್ ನೋಡುತ್ತದೆ. ನಿಜವಾದ ಬಳಕೆಯಲ್ಲಿ ಏಜೆಂಟ್‌ನ ಮುಂದೆ ನಾಲ್ಕೈದು ಸರ್ವರ್‌ಗಳು ಕೂತಿರುತ್ತವೆ, ಅವುಗಳಲ್ಲಿ ಮೂರರಲ್ಲಿ 'ಸರ್ಚ್' ಎಂಬ ಟೂಲ್ ಇದ್ದರೆ ಗೊಂದಲ ಖಚಿತ. ಹೆಸರಿಗೆ ಮುಂಚೆ ಸೇವೆಯ ಹೆಸರು ಸೇರಿಸುವುದು ಸರಳ ಪರಿಹಾರ.

ಆ ಪ್ರಶ್ನೆಗೆ ಉತ್ತರ ಬೇಕಾದರೆ ಮಾಡೆಲನ್ನೇ ಕೂರಿಸಿ ಅಳೆಯಬೇಕು. ಇಲ್ಲಿ ಖರ್ಚು ಬರುತ್ತದೆ, ಹಾಗಾಗಿ ಚಿಕ್ಕದಾಗಿ ಶುರು ಮಾಡಿ. ಮೂವತ್ತು ಕೆಲಸಗಳು, ಪ್ರತಿಯೊಂದೂ ಐದು ಸಲ, ಒಟ್ಟು 150 ಓಟ. ಕೆಲಸಗಳು ಬಳಕೆದಾರರು ಕೇಳುವ ಮಾತಿನಲ್ಲೇ ಇರಲಿ, ಟೂಲ್‌ನ ಹೆಸರು ಪ್ರಶ್ನೆಯಲ್ಲಿ ಬಂದರೆ ಉತ್ತರ ಪತ್ರಿಕೆಯನ್ನೇ ಕೈಗಿಟ್ಟಂತೆ. ಐದಾರು ಕೆಲಸಗಳು ಯಾವ ಟೂಲೂ ಬೇಡದಂಥವು ಆಗಿರಲಿ, ಸುಮ್ಮನಿರಬೇಕಾದಲ್ಲಿ ಸುಮ್ಮನಿರುತ್ತದೆಯೇ ಎಂದು ತಿಳಿಯುತ್ತದೆ. ಪ್ರತಿ ಓಟಕ್ಕೂ ಯಾವ ಟೂಲ್, ಯಾವ ಮೌಲ್ಯಗಳು, ಎಷ್ಟು ಕರೆ, ಎಷ್ಟು ಎರರ್, ಎಷ್ಟು ಟೋಕನ್ ಎಂದು ಬರೆದಿಡಿ.

ಅಂಕ ಕೊಡುವಾಗ ಏಜೆಂಟ್ ಹೇಳಿದ ಮಾತು ನೋಡಬೇಡಿ, ಡೇಟಾಬೇಸ್ ನೋಡಿ. ಏಜೆಂಟ್‌ಗಳನ್ನು ಅಳೆಯುವ 2024ರ ಪರೀಕ್ಷೆ ಟೌ-ಬೆಂಚ್, ಕೆಲಸ ಮುಗಿದ ಮೇಲಿನ ಡೇಟಾಬೇಸ್ ಸ್ಥಿತಿಯನ್ನು ಇರಬೇಕಾದ ಸ್ಥಿತಿಗೆ ಹೋಲಿಸುತ್ತದೆ. ಅದೇ ಕೆಲಸವನ್ನು ಹಲವು ಸಲ ಕೊಟ್ಟರೆ ಪ್ರತಿ ಸಲವೂ ಸರಿಯಾಗುತ್ತದೆಯೇ ಎಂದೂ ಕೇಳುತ್ತದೆ. ಅಳತೆಗೋಲು ಹಾಗೇ ಇರಬೇಕು. ಹತ್ತರಲ್ಲಿ ಒಂಬತ್ತು ಸಲ ಗೆಲ್ಲುವ ಟೂಲ್ ಎಂದರೆ ಕೇಳಲು ಚೆನ್ನ, ಆದರೆ ಐದಕ್ಕೆ ಐದೂ ಗೆಲ್ಲುವ ಸಂಭವ ಸುಮಾರು 59% ಮಾತ್ರ. ಸರಾಸರಿ ಒಂದನ್ನೇ ಬರೆದರೆ ಇದು ಮುಚ್ಚಿಹೋಗುತ್ತದೆ.

ಸುರಕ್ಷತೆಯ ಒಂದು ಮಾತು ತಪ್ಪಿಸುವಂತಿಲ್ಲ. 0.14.1ಕ್ಕಿಂತ ಹಳೆಯ ಇನ್‌ಸ್ಪೆಕ್ಟರ್ ಇನ್ನೂ ಯಂತ್ರದಲ್ಲಿದ್ದರೆ ಇವತ್ತೇ ತೆಗೆಯಿರಿ. ಅದರ ಪ್ರಾಕ್ಸಿಗೆ (ಪರದೆಗೂ ಸರ್ವರ್‌ಗೂ ನಡುವೆ ನಿಲ್ಲುವ ಭಾಗಕ್ಕೆ) ಗುರುತಿನ ತಪಾಸಣೆಯೇ ಇರಲಿಲ್ಲ, ದುರುದ್ದೇಶದ ವೆಬ್‌ಪುಟವೊಂದನ್ನು ತೆರೆದರೂ ನಿಮ್ಮ ಯಂತ್ರದಲ್ಲಿ ಬೇರೆಯವರ ಕಮಾಂಡ್ ಓಡಬಹುದಿತ್ತು. ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2025-49596 ಎಂದು ದಾಖಲಾಗಿರುವುದು ಇದೇ. ಈಗ ಶುರುವಿನಲ್ಲೇ ಗುರುತಿನ ಟೋಕನ್ (ಒಂದು ರಹಸ್ಯ ಸಂಕೇತ) ಬರುತ್ತದೆ. ಅದು ಕಿರಿಕಿರಿ ಎಂದು ತಪಾಸಣೆಯನ್ನೇ ನಿಲ್ಲಿಸುವ ಸೆಟ್ಟಿಂಗ್ ಹಾಕಬೇಡಿ. ಪರದೆಯ 6274, ಪ್ರಾಕ್ಸಿಯ 6277 ಪೋರ್ಟ್‌ಗಳು ನಿಮ್ಮ ಯಂತ್ರ ಬಿಟ್ಟು ಹೊರಗೆ ಕಾಣದಿರಲಿ.

ನನ್ನ ಮಟ್ಟಿಗೆ ಇನ್‌ಸ್ಪೆಕ್ಟರ್ ಉಳಿದುಕೊಂಡಿದೆ, ಆದರೆ ಈಗ ಅದನ್ನು ಹೆಚ್ಚು ಬಳಸುವುದು ಬ್ರೌಸರ್‌ನಲ್ಲಲ್ಲ, ಸ್ಕ್ರಿಪ್ಟ್‌ನಲ್ಲಿ. ಸರ್ವರ್ ಅಪ್‌ಡೇಟ್ ಆದಾಗಲೆಲ್ಲ ಟೂಲ್ ಪಟ್ಟಿಯನ್ನು ಕಮಾಂಡ್ ಲೈನ್‌ನಿಂದ ತೆಗೆದು ಗಿಟ್‌ಗೆ ಹಾಕಿ, ಹಿಂದಿನದಕ್ಕೂ ಇದಕ್ಕೂ ವ್ಯತ್ಯಾಸ ನೋಡಿ. ಕೋಡ್ ಬದಲಾಗದೆ ವಿವರಣೆಯ ಒಂದು ವಾಕ್ಯ ಬದಲಾದರೂ ಏಜೆಂಟ್‌ನ ಆಯ್ಕೆ ತಿರುಗಬಹುದು. ಹೊರಗಿನವರ ಸರ್ವರ್ ಆದರೆ ಆ ವಾಕ್ಯದಲ್ಲಿ ನಿಮ್ಮ ಏಜೆಂಟ್‌ಗೆ ಬೇರೆಯದೇ ಆದೇಶ ಸೇರಿರಬಹುದು. ವ್ಯತ್ಯಾಸ ಕಂಡ ದಿನ ಆ ಟೂಲ್‌ಗೆ ಸಂಬಂಧಿಸಿದ ಕೆಲಸಗಳನ್ನು ಮತ್ತೆ ಐದೈದು ಸಲ ಓಡಿಸಿ, ಅಂಕ ಇಳಿದಿದ್ದರೆ ಹಳೆಯ ಆವೃತ್ತಿಗೇ ಪಿನ್ ಮಾಡಿ.