ನಾಯ್ಸಸ್ ಆಫ್: ರಂಗದ ಗಡಿಬಿಡಿ ತೆರೆಗೆ ಬಂದಾಗ

ಮೈಕೆಲ್ ಫ್ರೇನ್ ಬರೆದ ಈ ಪ್ರಹಸನ 1982ರಲ್ಲಿ ಲಂಡನ್ನಿನಲ್ಲಿ ರಂಗಕ್ಕೇರಿತು. 1992ರಲ್ಲಿ ಪೀಟರ್ ಬಾಗ್ಡನೊವಿಚ್ ಅದನ್ನು ಸಿನಿಮಾ ಮಾಡಿದರು. ಮೈಕೆಲ್ ಕೇನ್, ಕ್ಯಾರಲ್ ಬರ್ನೆಟ್, ಕ್ರಿಸ್ಟಫರ್ ರೀವ್ ಇದ್ದಾರೆ, ನಟನೆಯ ಬಗ್ಗೆ ದೂರಿಲ್ಲ.

ಊರೂರು ತಿರುಗುವ ತಂಡವೊಂದರ ಒಂದೇ ನಾಟಕವನ್ನು ನಾವು ಮೂರು ಸಲ ನೋಡುತ್ತೇವೆ: ಗ್ರ್ಯಾಂಡ್ ರಿಹರ್ಸಲ್, ಆಮೇಲೆ ಸೆಟ್ಟಿನ ಹಿಂದಿನಿಂದ, ಕೊನೆಗೆ ಎಲ್ಲವೂ ಹದಗೆಟ್ಟ ಮೇಲೆ ಮತ್ತೆ ಮುಂದಿನಿಂದ. ಹಾಗಾಗಿ ಮೊದಲ ಅಂಕ ನೋಡುಗರಿಗೂ ಬಾಯಿಪಾಠ ಆಗಬೇಕು. ಮನೆಗೆಲಸದವಳ ಪಾತ್ರ ಹಾಕಿದ ನಟಿ ಡಾಟಿ ಸಾರ್ಡೀನ್ ಮೀನಿನ ತಟ್ಟೆಯನ್ನು ಅಲ್ಲೇ ಬಿಟ್ಟು, ಫೋನ್ ಇಟ್ಟು ಹೋಗಬೇಕು. ಅವಳಿಗೆ ಅದೇ ಗೊಂದಲ. ನಿರ್ದೇಶಕ ತಡೆದು ತಿದ್ದುತ್ತಾನೆ. ಈ ಭಾಗ ಎಳೆದಂತಿದೆ ಎಂದು ಕತ್ತರಿ ಹಾಕಿದರೆ, ಮುಂದೆ ತಟ್ಟೆ ಇರಬಾರದ ಕಡೆ ಇದ್ದರೂ ಯಾರೂ ನಗುವುದಿಲ್ಲ. ಬಾಗ್ಡನೊವಿಚ್ ಅದನ್ನು ಉಳಿಸಿಕೊಂಡದ್ದು ಜಾಣತನ.

ಕಷ್ಟ ಇರುವುದು ಎರಡನೇ ಅಂಕದಲ್ಲಿ. ಆಚೆ ಪ್ರದರ್ಶನ ನಡೆಯುತ್ತಿರುವುದರಿಂದ ಈಚೆ ಯಾರೂ ಸದ್ದು ಮಾಡುವಂತಿಲ್ಲ. ಕೊಡಲಿ, ವಿಸ್ಕಿ ಬಾಟಲಿ, ಹೂಗುಚ್ಛ, ಗಂಟು ಹಾಕಿದ ಶೂ ಲೇಸು, ಜಗಳವೆಲ್ಲ ಮೂಕಾಭಿನಯದಲ್ಲೇ. ರಂಗಮಂದಿರದಲ್ಲಿ ಕಣ್ಣು ತನಗೆ ಬೇಕಾದ ಮೂಲೆಗೆ ಹೋಗುತ್ತದೆ. ಕ್ಯಾಮೆರಾ ಬಾಟಲಿಯ ಕ್ಲೋಸಪ್‌ಗೆ ಹೋಯಿತೆಂದರೆ ಆಚೆ ಬಾಗಿಲಲ್ಲಿ ನುಗ್ಗಿದವನು ತಪ್ಪಿಹೋದ. ಹೋಗುವವನೂ ಬರುವವನೂ ಒಂದೇ ಫ್ರೇಮಿನಲ್ಲಿ ಕಂಡರೇ ನಗು. ಇಡೀ ಜಾಗ ಒಟ್ಟಿಗೆ ಕಾಣುವ ಉದ್ದನೆಯ ವೈಡ್ ಶಾಟ್ ಇಟ್ಟಲ್ಲೆಲ್ಲ ಚಿತ್ರ ಗೆದ್ದಿದೆ. ಹತ್ತಿರ ಹೋಗಿ ಕತ್ತರಿಸಿದಲ್ಲಿ ಯಾರು ಯಾರಿಗೆ ಹೊಡೆಯಹೊರಟರು ಎಂಬುದೇ ಕಲಸಿಹೋಗುತ್ತದೆ.

ಇಂಥದ್ದನ್ನು ಚಿತ್ರೀಕರಿಸುವವರು ನಟರನ್ನು ಅಡಿಯಿಂದ ಮುಡಿಯವರೆಗೆ ಫ್ರೇಮಿನಲ್ಲಿಟ್ಟು, ಬಾಟಲಿ ಕೈಯಿಂದ ಕೈಗೆ ಹೋದಂತೆ ಕ್ಯಾಮೆರಾವನ್ನೂ ಸರಿಸಬೇಕು. ಕಟ್ ಮಾಡಲೇಬೇಕೆಂದರೆ ಬಾಗಿಲು ದಢಾರೆಂದು ಮುಚ್ಚುವಾಗ ಮಾಡಿ, ಸದ್ದಿನಲ್ಲಿ ಆ ಕಟ್ ಮರೆಯಾಗುತ್ತದೆ. ಇನ್ನೊಂದು: ರಂಗದ ನಟ ನಗು ಇಳಿಯುವವರೆಗೆ ಕಾಯುತ್ತಾನೆ, ಸಿನಿಮಾ ಕಾಯುವುದಿಲ್ಲ. ದೊಡ್ಡ ನಗೆಯ ಬೆನ್ನಿಗೇ ಮುಖ್ಯ ಮಾತು ಇಟ್ಟರೆ ಅದು ಯಾರ ಕಿವಿಗೂ ಬೀಳದು; ನಡುವೆ ಯಾರದಾದರೂ ಮುಖಭಾವವನ್ನಷ್ಟೇ ತೋರಿಸುವ, ಮಾತಿಲ್ಲದ ಒಂದು ರಿಯಾಕ್ಷನ್ ಶಾಟ್ ಬೇಕು.

ನಾಟಕದಲ್ಲಿ ರಿಹರ್ಸಲ್ ನಡೆಯುವ ಊರು ಇಂಗ್ಲೆಂಡಿನ ವೆಸ್ಟನ್-ಸೂಪರ್-ಮೇರ್; ಚಿತ್ರದಲ್ಲಿ ಅದರ ಬದಲು ಅಮೆರಿಕದ ಡೆ ಮೊಯ್ನ್ ಬಂದದ್ದರಿಂದ ನಷ್ಟವೇನಿಲ್ಲ. ನ್ಯೂಯಾರ್ಕಿನ ರಂಗಮಂದಿರಗಳ ಬೀದಿ ಬ್ರಾಡ್‌ವೇಯಲ್ಲಿ ತಂಡಕ್ಕೆ ಜಯ ಸಿಗುವ ಚಿತ್ರದ ಮುಕ್ತಾಯವೇ ಸಪ್ಪೆ. ಮೂಲ ನಾಟಕ ಪೂರಾ ಕುಸಿತದಲ್ಲೇ ಮುಗಿಯುತ್ತದೆ, ಅದೇ ಸರಿ. ಆದರೂ ಕಳ್ಳನ ಪಾತ್ರ ಹಾಕಿದ ಕುಡುಕ ಮುದಿನಟನಾಗಿ ಡೆನ್‌ಹಮ್ ಎಲಿಯಟ್ ಅವರನ್ನು ನೋಡುವುದಕ್ಕಾದರೂ ಕುಳಿತುಕೊಳ್ಳಬಹುದು. ಆದಷ್ಟು ದೊಡ್ಡ ಪರದೆಯಲ್ಲಿ ನೋಡಿ. ಮೊಬೈಲಿನಲ್ಲಿ ಆ ವೈಡ್ ಶಾಟ್‌ಗಳ ಅರ್ಧ ಕೈಚಳಕ ಕಾಣುವುದೇ ಇಲ್ಲ.