ವಿಎಸ್ ಕೋಡ್ ಅಥವಾ ವಿಮ್: ವೆಬ್ ಕೆಲಸಕ್ಕೆ ಯಾವುದು?

ವೆಬ್ ಡೆವಲಪರ್‌ಗೆ ದಿನವಿಡೀ ಜೊತೆಗಿರುವುದು ಎಡಿಟರ್, ಅಂದರೆ ಕೋಡ್ ಬರೆಯುವ ಸಾಫ್ಟ್‌ವೇರ್. ಅದನ್ನು ಆರಿಸುವಾಗ ಸ್ವಲ್ಪ ಯೋಚಿಸಬೇಕು ಅಲ್ವಾ?

ಮೈಕ್ರೋಸಾಫ್ಟ್ 2015ರಲ್ಲಿ ತಂದ ವಿಎಸ್ ಕೋಡ್ ಹಾಕಿಕೊಂಡ ದಿನವೇ ಕೆಲಸ ಶುರು ಮಾಡಬಹುದು. ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಬರೆಯುವಾಗ ಸಲಹೆಗಳು ತಾವಾಗಿಯೇ ಬರುತ್ತವೆ. ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಬೆಂಬಲ, ತಪ್ಪು ಹುಡುಕುವ ಡೀಬಗರ್ ಎರಡೂ ಒಳಗೇ ಇವೆ. ಆದರೆ ಇದು ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ ಕಟ್ಟಿದ್ದು, ಅಂದರೆ ಒಳಗೊಂದು ಬ್ರೌಸರೇ ಓಡುತ್ತಿರುತ್ತದೆ. ಎಕ್ಸ್‌ಟೆನ್ಶನ್ (ಹೆಚ್ಚುವರಿ ಸೌಲಭ್ಯ ಕೊಡುವ ಸೇರ್ಪಡೆ) ಜಾಸ್ತಿಯಾದಷ್ಟೂ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ.

ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ವಿಮ್‌ನ ದಾರಿಯೇ ಬೇರೆ. ಇಲ್ಲಿ ಟೈಪ್ ಮಾಡಲು ಒಂದು ಮೋಡ್, ತಿದ್ದಲು ಇನ್ನೊಂದು. ಒಂದು ಟ್ಯಾಗಿನ ಕ್ಲಾಸ್ ಹೆಸರು ಬದಲಿಸಬೇಕು ಅಂದುಕೊಳ್ಳಿ. ತಿದ್ದುವ ಮೋಡ್‌ನಲ್ಲಿ, ಆ ಹೆಸರಿನ ಸುತ್ತಲಿನ ಕೋಟ್‌ಗಳ ನಡುವೆ ಕರ್ಸರ್ ಇಟ್ಟು ಸಿ, ಐ, ಕೋಟ್ ಚಿಹ್ನೆ ಒಂದಾದಮೇಲೊಂದು ಒತ್ತಿ. ಒಳಗಿದ್ದದ್ದು ಅಳಿಸಿಹೋಗಿ ಹೊಸ ಹೆಸರಿಗೆ ಜಾಗ ಸಿದ್ಧ. ಬರೆದು ಎಸ್ಕೇಪ್ ಒತ್ತಿ. ಮುಂದಿನ ಟ್ಯಾಗಿಗೆ ಹೋಗಿ ಚುಕ್ಕೆ ಒತ್ತಿದರೆ ಸಾಕು, ಅದೇ ಬದಲಾವಣೆ ಅಲ್ಲೂ ಆಗುತ್ತದೆ. ಮೌಸ್ ಮುಟ್ಟುವ ಮಾತೇ ಇಲ್ಲ. ಈ ಸುಖ ನನಗಂತೂ ತುಂಬಾ ಇಷ್ಟ. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತ ಸಂಪರ್ಕ) ಮೂಲಕ ಸರ್ವರ್‌ಗೆ ಹೋಗಿ ಫೈಲ್ ತಿದ್ದುವಾಗಲೂ ಇದೇ ಕೈಹಿಡಿಯುತ್ತದೆ. ಆದರೆ ಮೊದಲ ಕೆಲವು ವಾರ ಕೆಲಸ ನಿಧಾನವಾಗುತ್ತದೆ, ಸೆಟ್ಟಿಂಗ್ಸ್ ನೀವೇ ಬರೆದುಕೊಳ್ಳಬೇಕು.

ಈಗಷ್ಟೇ ಕಲಿಯುತ್ತಿದ್ದರೆ ವಿಎಸ್ ಕೋಡ್ ಹಿಡಿಯಿರಿ. ಭಾಷೆಯನ್ನೂ ಎಡಿಟರನ್ನೂ ಒಟ್ಟಿಗೆ ಕಲಿಯುವುದು ಸುಮ್ನೆ ಭಾರ. ಸರ್ವರ್ ಕೆಲಸವೇ ಜಾಸ್ತಿ ಇದ್ದರೆ ವಿಮ್ ಕಲಿಯಿರಿ. ಎರಡರ ನಡುವೆ ತೂಗಾಡುತ್ತಿದ್ದರೆ ವಿಎಸ್ ಕೋಡ್‌ನಲ್ಲೇ ವಿಮ್ ಎಕ್ಸ್‌ಟೆನ್ಶನ್ ಹಾಕಿಕೊಳ್ಳಿ. ವಿಮ್ ಹಾಕಿಕೊಂಡಿದ್ದರೆ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ‘ವಿಮ್‌ಟ್ಯೂಟರ್’ ಪಾಠ ಇರುತ್ತದೆ, ಅದಕ್ಕೆ ಅರ್ಧ ಗಂಟೆ ಕೊಟ್ಟರೆ ಸಾಕು.